ಚಾಡಿಕೋರನಿಲ್ಲದ ಕತೆ

ಬಿ.ಎ. ಎರಡನೇ ವರ್ಷದಲ್ಲಿ ನಮಗೊಂದು ಇಂಗ್ಲಿಷ್ ಕಿರುಕಾದಂಬರಿ ಪಠ್ಯವಾಗಿತ್ತು. ವಿಕ್ಟೋರಿಯಾ ರಾಣಿಯ ಕಾಲದ್ದು, ಬಸ್ಸಿನಲ್ಲಿ ನಿಂತುಕೊಂಡೇ ಒಂದು ಕೈಯಲ್ಲಿ ಹಿಡಿದು ಓದಬಹುದಾದಷ್ಟು ತೆಳ್ಳಗಿನ ಪುಸ್ತಕ. ಅದನ್ನು ಓದುತ್ತಿದ್ದ ತಿಂಗಳುಗಳಲ್ಲೇ ನನ್ನ ಭಾವ ನನ್ನ ಅಕ್ಕನಿಗೆ ಕೊಡುತ್ತಿದ್ದ ಹಿಂಸೆ ನನ್ನ ಕಣ್ಣಿಗೆ ಬಿತ್ತು. ಈಗ ನಾನೇ ಟೀಚರಾಗಿ ಆ ಪುಸ್ತಕವನ್ನು ಪಾಠ ಮಾಡುತ್ತೇನೆ. ಬೋರ್ಡಿನ ಮೇಲೆ ಲಂಡನ್ನಿನ ಮಂಜು, ಗ್ಯಾಸ್ ದೀಪ ಎಂದೆಲ್ಲ ಬರೆಯುತ್ತೇನೆ. ತಲೆಯೊಳಗೆ ಮಾತ್ರ ತಾಳವಾಡಿಯ ಒಂದು ಮನೆಯ ಹಿತ್ತಲ ಬಾಗಿಲು ಇರುತ್ತದೆ.

ಕತೆ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಊರಿಗೆಲ್ಲ ಬೇಕಾದ ಒಬ್ಬ ದೊಡ್ಡ ಡಾಕ್ಟರು. ಅವರ ಮನೆಯ ಹಿಂದಿನ ಬಾಗಿಲಿನಿಂದ ಯಾವನೋ ಒಬ್ಬ ಕೇಡಿಗ ಬಂದು ಹೋಗುತ್ತಿರುತ್ತಾನೆ. ಅವನ ಕೈಯಲ್ಲಿ ಆ ಮನೆಯ ಬೀಗದ ಕೈ ಇದೆ. ಡಾಕ್ಟರ ಗೆಳೆಯನಾದ ಒಬ್ಬ ವಕೀಲ ಇದೇನು ಎಂದು ತಲೆ ಕೆಡಿಸಿಕೊಂಡು ಬೆನ್ನು ಹತ್ತುತ್ತಾನೆ. ನಡುವೆ ಒಂದು ರಾತ್ರಿ ಆ ಕೇಡಿಗ ಬೀದಿಯಲ್ಲಿ ಒಬ್ಬ ಮುದುಕನನ್ನು ಕೊಲ್ಲುವುದನ್ನು ಕೆಲಸದ ಹುಡುಗಿಯೊಬ್ಬಳು ಕಿಟಕಿಯಿಂದ ನೋಡುತ್ತಾಳೆ. ಕಡೆಗೆ ತಿಳಿಯುವುದೇನೆಂದರೆ, ಡಾಕ್ಟರು ಯಾವುದೋ ಮದ್ದು ಕಂಡುಹಿಡಿದು, ಅದನ್ನು ಕುಡಿದು, ತಾವೇ ಆ ಕೇಡಿಗ ಆಗುತ್ತಿದ್ದರು. ರಜೆಯಲ್ಲಿ ಇದನ್ನು ಅವ್ವನಿಗೆ ಹೇಳಿದಾಗ ಅವಳು ಮೊರದಲ್ಲಿ ರಾಗಿ ಕೇರುತ್ತಾ ನಕ್ಕಳು.

"ಇದ್ಯಾವ ದೊಡ್ಡ ಕತೆ ಕಣೆ? ಬೆಳಿಗ್ಗೆ ದೇವ್ರಂತೋನು, ಸಂಜೆ ಮದ್ದು ಕುಡುದ್ರೆ ದೆವ್ವ. ನಮ್ಮೂರಲ್ಲಿ ದಿನಾ ನಡೀತದೆ. ಇದ್ನ ಓದಕ್ಕೆ ಗಾಟಿ ಇಳ್ದು ಸತ್ಯಮಂಗಲಕ್ಕೆ ಓಗ್ಬೇಕಾ?"

ಕ್ಲಾಸಿನಲ್ಲೂ ಎಲ್ಲರಿಗೆ ಮೊದಲು ಹೊಳೆದದ್ದು ಅದೇ. ಕುಡುಕನ ಕತೆ. ನನಗೂ ಹಾಗೇ ಅನಿಸಿತ್ತು. ಆದರೆ ನನ್ನ ಭಾವ ಒಂದು ತೊಟ್ಟು ಕುಡಿಯುತ್ತಿರಲಿಲ್ಲ. ಬೀಡಿ ಇಲ್ಲ, ಇಸ್ಪೀಟು ಇಲ್ಲ. ಕೆಟ್ಟ ಮಾತು ಅವರ ಬಾಯಲ್ಲಿ ಯಾರೂ ಕೇಳಿಲ್ಲ.

ತಮಿಳುನಾಡಿಗೆ ಸೇರಿದ ನಮ್ಮ ಬೆಟ್ಟದ ಮೇಲಿನ ಜನಕ್ಕೆ ಮನೆಮಾತು ಕನ್ನಡ, ಕಚೇರಿ ಮಾತು ತಮಿಳು. ಮಾತಾಡುವುದು ಎಲ್ಲರಿಗೂ ಬರುತ್ತದೆ, ಬರೆಯುವುದು ಕೆಲವರಿಗಷ್ಟೆ. ಜಮೀನಿನ ಪಟ್ಟಾ ಬದಲಾಯಿಸಲು, ವಿಧವಾ ವೇತನಕ್ಕೆ, ಆನೆ ತುಳಿದ ಬೆಳೆಯ ಪರಿಹಾರಕ್ಕೆ, ಎಲ್ಲದಕ್ಕೂ ತಮಿಳಿನಲ್ಲಿ ಅರ್ಜಿ ಬರೆಯಬೇಕು. ಅದಕ್ಕೆ ಮನು ಎನ್ನುತ್ತಾರೆ. ತಾಳವಾಡಿಯ ಸುತ್ತಮುತ್ತ ಮನು ಎಂದರೆ ನನ್ನ ಭಾವ. ಅವರ ಮನೆಯ ಮುಂದಿನ ಹಜಾರದಲ್ಲಿ ಬೆಳಗಿನಿಂದ ಜನ ಕೂತಿರುತ್ತಿದ್ದರು. ಕೈಗೆ ಏನೂ ತೆಗೆದುಕೊಳ್ಳದೆ ಬರೆದುಕೊಡುತ್ತಿದ್ದರು. ಮುದುಕಿಯರು ಅವರ ತಲೆ ನೇವರಿಸಿ ಹೋಗುತ್ತಿದ್ದರು. ಇಂಥ ಅಳಿಯ ಸಿಕ್ಕಿದ್ದಕ್ಕೆ ಅಪ್ಪ ನಮ್ಮೂರು ಗುಮಟಾಪುರದ ಬೀದಿಯಲ್ಲಿ ಎದೆ ಸೆಟೆಸಿ ನಡೆಯುತ್ತಿದ್ದ. ಇವತ್ತಿಗೂ ನಾನು ಅವರನ್ನು ಬೈಯುವಾಗ ಬಹುವಚನದಲ್ಲೇ ಬೈಯುತ್ತೇನೆ. ಬಾಯಿಗೆ ಹಾಗೆ ರೂಢಿಯಾಗಿಬಿಟ್ಟಿದೆ.

ನಾನು ಸತ್ಯಮಂಗಲದ ಹಾಸ್ಟೆಲಿನಲ್ಲಿದ್ದೆ. ಶನಿವಾರ ಬಸ್ಸು ಹತ್ತಿದರೆ ಘಾಟಿ ಏರಿ, ಹಾಸನೂರಿನಲ್ಲಿ ಟೀಗೆ ನಿಂತು, ತಾಳವಾಡಿ ಮುಟ್ಟುವ ಹೊತ್ತಿಗೆ ನಮ್ಮೂರಿನ ಕಡೆಯ ಬಸ್ಸು ಹೋಗಿಬಿಟ್ಟಿರುತ್ತಿತ್ತು. ಹಾಗಾಗಿ ಅಕ್ಕನ ಮನೆಯಲ್ಲಿ ಉಳಿದು ಭಾನುವಾರ ಮಧ್ಯಾಹ್ನ ಊರಿಗೆ ಹೋಗುವುದು. ಅಕ್ಕನಿಗೆ ಮದುವೆಯಾಗಿ ಎರಡು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಪ್ಲಸ್ ಟೂನಲ್ಲಿ ನನಗಿಂತ ಚೆನ್ನಾಗಿ ಓದಿದ್ದವಳು, ನನಗೆ ಇಂಗ್ಲಿಷ್ ಅಕ್ಷರ ತಿದ್ದಿಸಿದವಳೂ ಅವಳೇ. ಮದುವೆಯಾದ ಮೇಲೆ ಅವಳ ನಗು ಕಡಿಮೆಯಾಗಿತ್ತು. ಸಂಸಾರ ಎಂದರೆ ಹೀಗೇ ಏನೋ ಎಂದುಕೊಂಡಿದ್ದೆ.

ಆ ಭಾನುವಾರ ಬೆಳಿಗ್ಗೆ ನಾನು ಹಿತ್ತಲ ಮೆಟ್ಟಿಲ ಮೇಲೆ ಕೂತು ಪುಸ್ತಕ ಓದುತ್ತಿದ್ದೆ. ಹಜಾರದಲ್ಲಿ ಭಾವ ಒಬ್ಬಳು ಅಜ್ಜಿಗೆ ಮನು ಬರೆಯುತ್ತಿದ್ದರು. ಅಕ್ಕ ಅಜ್ಜಿಗೆ ಕಾಫಿ ಕೊಟ್ಟು, ಅಲ್ಲೇ ನಿಂತು, "ಇವತ್ತು ನಾನೂ ಇವ್ಳ ಜೊತೆ ಊರ್ಗೆ ಓಗ್ಬುಟ್ಟು ಬರ್ಲಾ?" ಎಂದು ಕೇಳಿದಳು. ಹೊರಗಿನವರ ಮುಂದೆ ಕೇಳಿದರೆ ಬೇಡ ಎನ್ನಲಾರರು ಎಂದು ಎಣಿಸಿದ್ದಳೋ ಏನೋ. ಭಾವ ಪೆನ್ನು ಕೆಳಗಿಟ್ಟ ಸದ್ದು ನನಗೆ ಕೇಳಿಸಿತು. "ಒಂದ್ ನಿಮ್ಸ ಕೂತ್ಕಳವ್ವ, ಬಂದೆ" ಎಂದು ಅಜ್ಜಿಗೆ ಹೇಳಿ ಒಳಗೆ ಬಂದರು.

ಅಡುಗೆಮನೆಯಿಂದ ಹಿತ್ತಲಿಗೆ ತೆರೆಯುವ ಬಾಗಿಲು ಅದು, ಹಳೆಯ ಕಾಲದ ದಪ್ಪ ಹಲಗೆಯದು. ಭಾವ ಅಕ್ಕನ ಬಲಗೈ ಹಿಡಿದು ಬೆರಳುಗಳನ್ನು ಬಾಗಿಲಿನ ಕೀಲಿರುವ ಸಂದಿಗೆ ಇಟ್ಟರು. ಆಮೇಲೆ ಇನ್ನೊಂದು ಕೈಯಿಂದ ಬಾಗಿಲನ್ನು ನಿಧಾನಕ್ಕೆ ತಳ್ಳಿ ಅದಕ್ಕೆ ಒರಗಿ ನಿಂತರು. ಬಡಿಯಲಿಲ್ಲ, ಬೈಯಲಿಲ್ಲ. ಮುಖದಲ್ಲಿ ಸಿಟ್ಟೇ ಇರಲಿಲ್ಲ. ಬರೆದ ಮನುವನ್ನು ತಪ್ಪಿದೆಯೇ ಎಂದು ಇನ್ನೊಮ್ಮೆ ಓದಿ ನೋಡುವಾಗ ಇರುತ್ತದಲ್ಲ, ಅಂಥ ಮುಖ. ಅಕ್ಕ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಒಂದು ಸದ್ದೂ ಹೊರಡಲಿಲ್ಲ. ಆ ಸದ್ದಿಲ್ಲದಿರುವಿಕೆ ಕಂಡೇ ನನಗೆ ತಿಳಿಯಿತು, ಇದು ಮೊದಲ ಸಲವಲ್ಲ ಎಂದು.

ಬಾಗಿಲು ಬಿಟ್ಟಾಗ ಭಾವನ ಕಣ್ಣು ನನ್ನ ಮೇಲೆ ಬಿತ್ತು. ನಾನು ನೋಡಿದೆ ಎಂದು ಅವರಿಗೆ ಗೊತ್ತಾಯಿತು, ಗೊತ್ತಾಯಿತೆಂದು ನನಗೂ ಗೊತ್ತಾಯಿತು. "ಓದ್ಕೊ ಕೂಸೆ, ಪರೀಕ್ಷೆ ಅತ್ರ ಬಂತಲ್ಲ" ಎಂದರು. ದನಿಯಲ್ಲಿ ಎಂದಿನ ಅಕ್ಕರೆಯೇ ಇತ್ತು. ಹಜಾರಕ್ಕೆ ಹೋಗಿ ಕೂತು, "ಎಲ್ಗೆ ನಿಲ್ಸಿದ್ದೆ ಕಣವ್ವ?" ಎಂದು ಅಜ್ಜಿಯನ್ನು ಕೇಳಿ, ನಿಲ್ಲಿಸಿದ ಕಡೆಯಿಂದ ಬರೆಯತೊಡಗಿದರು. ನನ್ನ ಕೈಯಲ್ಲಿದ್ದ ಪುಸ್ತಕದಲ್ಲಿ ಯಾರೋ ಮದ್ದು ಕಲಸುತ್ತಿದ್ದರು. ಆ ಮದ್ದಿನ ಮೇಲೆಯೇ ನನಗೆ ಅಸಾಧ್ಯ ಸಿಟ್ಟು ಬಂತು.

ಅಕ್ಕ ನೀರಿನ ಬಕೇಟಿಗೆ ಕೈ ಅದ್ದಿಕೊಂಡು ಕೂತಿದ್ದಳು. ನಾನು ಹತ್ತಿರ ಹೋದೆ.

"ಯಾರ್ಗೂ ಯೋಳ್ಕೂಡ್ದು" ಎಂದಳು.

"ಅಪ್ಪಂಗಾದ್ರೂ ಯೋಳ್ಬೇಕಲ್ಲಕ್ಕ."

"ಅಪ್ಪಂಗಂತೂ ಬ್ಯಾಡವೇ ಬ್ಯಾಡ. ಎದೆ ಒಡ್ಕತಾನೆ. ನೀನು ಚಾಡಿಕೋರಿ ಅನ್ನುಸ್ಕೋಬ್ಯಾಡ. ನಾನು ನೋಡ್ಕತೀನಿ, ಬುಡು."

ಚಾಡಿಕೋರ ಎಂದರೆ ಏನೆಂದು ನಮ್ಮೂರಿನ ಮಗುವಿಗೂ ಗೊತ್ತು. ದೀಪಾವಳಿ ಕಳೆದು ನಮ್ಮಲ್ಲಿ ಸಗಣಿಯ ಹಬ್ಬ ಆಗುತ್ತದೆ. ಗಂಡಸರು ಬೀರೇಶ್ವರನ ಗುಡಿಯ ಹಿಂದೆ ರಾಶಿ ಹಾಕಿದ ಸಗಣಿಯಲ್ಲಿ ಹೊಡೆದಾಡಿಕೊಳ್ಳುವುದನ್ನು ಈಗ ಫೋನಿನಲ್ಲಿ ದೇಶವೆಲ್ಲ ನೋಡುತ್ತದೆ. ಅದಕ್ಕೂ ಮೊದಲು ಆಗುವುದನ್ನು ಅಷ್ಟು ಜನ ನೋಡುವುದಿಲ್ಲ. ಒಬ್ಬನಿಗೆ ಒಣಹುಲ್ಲಿನ ಗಡ್ಡ ಮೀಸೆ ಕಟ್ಟಿ, ಕತ್ತೆಯ ಮೇಲೆ ಕೂರಿಸಿ, ಊರೆಲ್ಲ ಸೇರಿ ಬಾಯಿಗೆ ಬಂದಂತೆ ಬೈಯುತ್ತಾರೆ. ಅವನೇ ಚಾಡಿಕೋರ, ಒಬ್ಬರ ಮಾತು ಇನ್ನೊಬ್ಬರಿಗೆ ಹೇಳಿ ಮನೆ ಮುರಿಯುವವನು. ಕಡೆಗೆ ಅವನ ಬೊಂಬೆಯನ್ನು ಗುಡ್ಡದ ಮೇಲೆ ಸುಡುತ್ತಾರೆ. ಕಳ್ಳನಿಗೆ, ಕುಡುಕನಿಗೆ, ಹೆಂಡತಿಯನ್ನು ಹೊಡೆಯುವವನಿಗೆ ನಮ್ಮಲ್ಲಿ ಅಂಥ ಮರ್ಯಾದೆ ಇಲ್ಲ. ಚಿಕ್ಕವರಿದ್ದಾಗ ನಾವು ಏನಾದರೂ ದೂರು ತಂದರೆ ಅವ್ವ, "ಉಲ್ಲಿನ ಮೀಸೆ ಕಟ್ಬೇಕಾ ನಿಂಗೆ?" ಎನ್ನುತ್ತಿದ್ದಳು. ಬಾಯಿ ಮುಚ್ಚುತ್ತಿತ್ತು.

ಆಮೇಲೆ ಹಾಸ್ಟೆಲಿನಿಂದ ಫೋನು ಮಾಡಿದಾಗಲೆಲ್ಲ ಅಕ್ಕನ ದನಿ ದೊಡ್ಡ ಕೊಡದೊಳಗಿನಿಂದ ಬಂದಂತೆ ಕೇಳುತ್ತಿತ್ತು. ಭಾವ ಸ್ಪೀಕರ್ ಹಾಕಿಸಿದ್ದಾರೆ ಎಂದು ತಿಳಿಯಲು ಬಹಳ ದಿನ ಬೇಕಾಗಲಿಲ್ಲ. "ಚೆನ್ನಾಗಿದ್ದೀನಿ, ಊಟ ಆಯ್ತು, ನೀನು ಓದ್ಕೊ." ಇಷ್ಟೇ ಮಾತು. ಒಂದು ದಿನ ಭಾವನೇ ಮಾತಾಡಿದರು. ತಿರುಪ್ಪೂರಿನ ಒಂದು ಕಂಪನಿಯಲ್ಲಿ ಅವರಿಗೆ ಕೆಲಸ ಸಿಕ್ಕಿದೆಯಂತೆ. ಹಬ್ಬಕ್ಕೆ ಊರಿಗೆ ಬಂದು, ಸಗಣಿ ಹಬ್ಬದ ದಿನ ಅಲ್ಲಿಂದಲೇ ಕಾರಿನಲ್ಲಿ ಅಕ್ಕನನ್ನು ಕರೆದುಕೊಂಡು ಹೊರಡುವುದಂತೆ. ಮನೆ ಆಗಲೇ ನೋಡಿಯಾಗಿದೆಯಂತೆ.

ತಾಳವಾಡಿಯಲ್ಲಾದರೆ ಹಜಾರದಲ್ಲಿ ಸದಾ ಜನ. ವಾರಕ್ಕೊಮ್ಮೆ ನಾನಾದರೂ ಹೋಗುತ್ತಿದ್ದೆ. ಗುರುತಿಲ್ಲದ ಊರಿನಲ್ಲಿ, ಬಾಗಿಲು ಹಾಕಿದ ಮನೆಯಲ್ಲಿ ಅಕ್ಕನ ಗತಿ ಏನು? ಅವಳು ಆ ಕಾರು ಹತ್ತಬಾರದು. ನನ್ನ ತಲೆಯಲ್ಲಿ ಇದೊಂದೇ ಸುತ್ತುತ್ತಿತ್ತು. ಹತ್ತದಂತೆ ಮಾಡುವುದು ಹೇಗೆಂದು ಮಾತ್ರ ತೋಚಲಿಲ್ಲ.

ಆ ವಾರವೇ ನನ್ನ ಸೆಮಿನಾರು ಬಂತು. ಪ್ರತಿಯೊಬ್ಬರೂ ಆ ಪುಸ್ತಕದ ಬಗ್ಗೆ ಎದ್ದು ನಿಂತು ಮಾತಾಡಬೇಕು. ಗೈಡಿನಲ್ಲಿ ಎಲ್ಲ ಸಿದ್ಧವಾಗಿತ್ತು. ವಸ್ತು: ಮನುಷ್ಯನೊಳಗೆ ಇಬ್ಬರು. ಪಾತ್ರ: ವಕೀಲ ಗಂಭೀರ, ಡಾಕ್ಟರು ದುರಂತ ನಾಯಕ. ತಂತ್ರ: ಗುಟ್ಟನ್ನು ಕೊನೆಯ ತನಕ ಕಾಯ್ದಿಡುವುದು. ನಾನೂ ಅದನ್ನೇ ಉರು ಹೊಡೆದಿದ್ದೆ. ಎದ್ದು ನಿಂತ ಮೇಲೆ ಬಾಯಿಂದ ಬೇರೆಯೇ ಬಂತು.

"ಮೇಡಂ, ಈ ಕತೆಯಲ್ಲಿ ಚಾಡಿ ಹೇಳುವವರು ಒಬ್ಬರೂ ಇಲ್ಲ" ಎಂದೆ. ತಮಿಳಿನಲ್ಲಿ ಚಾಡಿಗೆ ಕೋಳ್ ಎನ್ನುತ್ತಾರೆ, ಆ ಮಾತನ್ನೇ ಬಳಸಿದೆ. ಕ್ಲಾಸು ಗೊಳ್ಳೆಂದಿತು. ನಮ್ಮ ಮೇಡಂ ಗಟ್ಟಿಗಿತ್ತಿ, ಹೊರಗೆ ಸಿಡುಕು, ಒಳಗೆ ಕುತೂಹಲ. "ಇದ್ದಿದ್ದರೆ ಒಳ್ಳೆಯದಿತ್ತು ಅಂತೀಯಾ?" ಎಂದು ಕೇಳಿದರು.

"ಇತ್ತು ಮೇಡಂ. ವಕೀಲನ ನೆಂಟನೊಬ್ಬ ಕೇಡಿಗ ಆ ಬಾಗಿಲಿಗೆ ಹೋದದ್ದು ನೋಡಿದ್ದಾನೆ. ವಕೀಲ ಅದು ಯಾರ ಮನೆ ಅಂತ ಬಲ್ಲ. ಇಬ್ಬರೂ ಸೇರಿ, ಇನ್ನು ಈ ಮಾತು ಬೇಡ ಅಂತ ಕೈ ಕುಲುಕುತ್ತಾರೆ. ಡಾಕ್ಟರು, ನನ್ನ ಪಾಡಿಗೆ ನನ್ನ ಬಿಡು ಅಂದರೆ ಗೆಳೆಯ ಬಿಟ್ಟುಬಿಡುತ್ತಾನೆ. ಯಾಕೆಂದರೆ ಎಲ್ಲರೂ ಮರ್ಯಾದಸ್ಥರು. ಗುಟ್ಟು ಕಾಯ್ದದ್ದು ಲೇಖಕನಲ್ಲ, ಇವರು. ಒಬ್ಬ ಬಾಯಿ ಬಿಟ್ಟಿದ್ದರೆ ಪುಸ್ತಕ ಮೂರನೇ ಪುಟಕ್ಕೆ ಮುಗಿಯುತ್ತಿತ್ತು. ಒಂದು ಕೊಲೆ ತಪ್ಪುತ್ತಿತ್ತು."

ಮೇಡಂ ಚಾಕ್‌ಪೀಸನ್ನು ಮೇಜಿನ ಮೇಲಿಟ್ಟರು. "ಸರಿ. ಡಾಕ್ಟರು, ಕೇಡಿಗ, ಆ ಇಬ್ಬರಲ್ಲಿ ನಿಜವಾದ ಮನುಷ್ಯ ಯಾರು?"

"ಇಬ್ಬರಿಲ್ಲ ಮೇಡಂ. ಒಬ್ಬನೇ. ಮದ್ದು ಕುಡಿದು ಮಾಡಿದ್ದೆಲ್ಲ ಡಾಕ್ಟರಿಗೆ ನೆನಪಿರುತ್ತದೆ. ಮರುದಿನ ಬಂದು ಅದೇ ಕುರ್ಚಿಯಲ್ಲಿ ಕೂತು ಗೆಳೆಯರಿಗೆ ಊಟ ಹಾಕುತ್ತಾನೆ. ಅವನಿಗೆ ಬೇಕಾಗಿದ್ದದ್ದು ಹಿಂದೊಂದು ಬಾಗಿಲು, ಅಷ್ಟೇ."

"ಅಷ್ಟು ಖಚಿತವಾಗಿ ಹೇಗೆ ಹೇಳ್ತೀಯ?"

ನಾನು ಪುಸ್ತಕ ಮುಚ್ಚಿ ಕೂತುಬಿಟ್ಟೆ. ಮೇಡಂ ಒತ್ತಾಯಿಸಲಿಲ್ಲ. ಕ್ಲಾಸು ಮುಗಿದ ಮೇಲೆ ಕರೆದು, "ಪರೀಕ್ಷೆಯಲ್ಲಿ ಗೈಡಿನ ಉತ್ತರ ಬರಿ, ಮಾರ್ಕ್ಸು ಬೇಕಲ್ಲ. ಆದರೆ ಒಂದು ಯೋಚಿಸು. ಆ ಕಿಟಕಿಯಿಂದ ಕೊಲೆ ನೋಡಿದ ಕೆಲಸದ ಹುಡುಗಿ ಇದ್ದಾಳಲ್ಲ, ಎಲ್ಲರೂ ಅವಳ ಮಾತು ಯಾಕೆ ನಂಬುತ್ತಾರೆ?" ಎಂದರು. ನಾನು ಪುಸ್ತಕ ತೆಗೆದು ಆ ಭಾಗ ಮತ್ತೆ ಓದಿದೆ. ಅವನು ಕೆಟ್ಟವನು ಎಂದು ಅವಳು ಎಲ್ಲೂ ಹೇಳುವುದಿಲ್ಲ. ತಾನು ಎಲ್ಲಿ ಕೂತಿದ್ದೆ, ಬೆಳಕು ಹೇಗಿತ್ತು, ಯಾರು ಯಾವ ಕಡೆಯಿಂದ ಬಂದರು ಎಂದು ಹೇಳುತ್ತಾಳೆ. ಬಸ್ಸಿನಲ್ಲಿ ಘಾಟಿ ಏರುವಾಗ ನಾನೂ ಮನಸ್ಸಿನಲ್ಲಿ ಹಾಗೆ ಹೇಳಿ ನೋಡಿಕೊಂಡೆ. ತಿರುವಿನಲ್ಲಿ ಎಲ್ಲರೂ ವಾಂತಿ ಮಾಡುತ್ತಿದ್ದರು, ನಾನು ತುಟಿ ಅಲ್ಲಾಡಿಸುತ್ತಾ ಕೂತಿದ್ದೆ.

ಹಬ್ಬದ ದಿನ ಮನೆ ತುಂಬಿತ್ತು. ಅಪ್ಪ, ಅವ್ವ, ಪಕ್ಕದ ಮನೆಯ ದೊಡ್ಡಪ್ಪ, ಭಾವ, ಅಕ್ಕ. ಬಾಡಿಗೆ ಕಾರು ಬೇಲಿಯ ಹತ್ತಿರ ನಿಂತಿತ್ತು, ಡಿಕ್ಕಿಯಲ್ಲಿ ಅಕ್ಕನ ಪೆಟ್ಟಿಗೆ ಆಗಲೇ ಸೇರಿತ್ತು. ರಾತ್ರಿ ಕಾಡಿನ ರಸ್ತೆ ಮುಚ್ಚುವುದರಿಂದ ಸಂಜೆಗೆ ಮುಂಚೆ ಹೊರಡಬೇಕೆಂದು ಭಾವ ಬೆಳಿಗ್ಗೆಯಿಂದ ಹೇಳುತ್ತಲೇ ಇದ್ದರು. ಅಕ್ಕ ಬಲಗೈಯನ್ನು ಸೆರಗಿನ ಒಳಗೇ ಇಟ್ಟುಕೊಂಡು ಓಡಾಡುತ್ತಿದ್ದಳು. ಅಡುಗೆಮನೆಯಲ್ಲಿ ಅವ್ವ ಆ ಕೈಗೆ ಅರಿಶಿನ ಹಚ್ಚುವುದನ್ನು ನೋಡಿದೆ. ಬೆರಳುಗಳು ಮತ್ತೆ ಊದಿದ್ದವು, ಉಗುರು ಕಪ್ಪಾಗಿತ್ತು.

"ಏನಾಯ್ತವ್ವ?" ಎಂದು ಕೇಳಿದೆ.

"ಗಾಳಿಗೆ ಬಾಗ್ಲು ಬಡೀತಂತೆ" ಎಂದಳು ಅವ್ವ. ನನ್ನ ಮುಖ ನೋಡಲಿಲ್ಲ, ಅಕ್ಕನ ಮುಖವನ್ನೂ ನೋಡಲಿಲ್ಲ. ಅವಳಿಗೂ ಗೊತ್ತಿತ್ತು. ನಮ್ಮ ಅಡುಗೆಮನೆ ಲಂಡನ್ನೇ ಆಗಿಬಿಟ್ಟಿತ್ತು, ಎಲ್ಲರೂ ಮರ್ಯಾದಸ್ಥರು.

ಗಂಡಸರು ಗುಡಿಯ ಕಡೆ ಹೋದರು. ನಾವು ಹೆಂಗಸರು ಎಂದಿನಂತೆ ತಾರಸಿ ಮೇಲಿಂದ ನೋಡಿದೆವು. ಕತ್ತೆಯ ಮೇಲೆ ಚಾಡಿಕೋರ ಬಂದ, ಹುಲ್ಲಿನ ಗಡ್ಡ ಎದೆಯ ತನಕ. ಕೆಳಗೆ ಜನ ಕೂಗಿ ಕೂಗಿ ಬೈಯುತ್ತಿದ್ದರು. ಪ್ರತಿ ವರ್ಷ ನಗುತ್ತಿದ್ದ ನಾನು ಆ ಸಲ ನಗಲಿಲ್ಲ. ಅಕ್ಕನ ಕಿವಿಯ ಹತ್ತಿರ ಹೋಗಿ, "ಇವತ್ತು ಅಪ್ಪಂಗೆ ಯೋಳ್ತೀನಿ" ಎಂದೆ.

ಅವಳು ಬೀದಿಯಿಂದ ಕಣ್ಣು ತೆಗೆಯಲಿಲ್ಲ. "ಯೋಳುದ್ರೆ ನಾನು ಇಲ್ಲ ಅಂತೀನಿ."

"ಯಾಕಕ್ಕ?"

"ಯಾರೂ ನಂಬಕ್ಕಿಲ್ಲ. ಆಮ್ಯಾಕೆ ಕಾರಲ್ಲಿ ಅವ್ರ ಪಕ್ಕ ಕೂತ್ಕೊಂಡು ಓಗಬೇಕಾದೋಳು ನಾನು ಕಣೆ, ನೀನಲ್ಲ."

ಅವಳ ಮಾತು ಸರಿ. ನಾನು ಹೇಳಿ, ಅಪ್ಪ ನಂಬದೆ ಹೋದರೆ, ಅದರ ಬೆಲೆಯನ್ನು ಅಕ್ಕ ಆ ಹೊಸ ಮನೆಯಲ್ಲಿ ತೆರಬೇಕು. ಹೇಳದೆ ಹೋದರೂ ತೆರಬೇಕು. ಕೆಳಗೆ ಸಗಣಿಯ ಉಂಡೆಗಳು ಹಾರತೊಡಗಿದವು, ಪಕ್ಕದ ಹೆಂಗಸರು ಕೇಕೆ ಹಾಕಿದರು.

ಗಂಡಸರು ಕೆರೆಯಲ್ಲಿ ಮಿಂದು ಬಂದು ಊಟಕ್ಕೆ ಕೂತರು. ಊಟ ಮುಗಿಯಿತು. ಭಾವ ಕೈ ಒರೆಸಿಕೊಂಡು, "ಒರಡಾಣ್ವಾ ಮಾವ? ಒತ್ತಾಯ್ತು" ಎಂದರು. ಅಕ್ಕ ಎದ್ದು ನಿಂತಳು. ಆಗ ನಾನು ಹಜಾರದ ಮಧ್ಯಕ್ಕೆ ಹೋದೆ.

"ಅಪ್ಪ, ಅಕ್ಕನ್ನ ಕಳುಸ್ಬ್ಯಾಡ."

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಬಸ್ಸಿನಲ್ಲಿ ಹೇಳಿಕೊಂಡಂತೆಯೇ ಹೇಳಿದೆ. ಯಾವ ಭಾನುವಾರ, ನಾನು ಯಾವ ಮೆಟ್ಟಿಲ ಮೇಲೆ ಕೂತಿದ್ದೆ, ಅಕ್ಕ ಏನು ಕೇಳಿದಳು, ಭಾವ ಯಾವ ಕೈ ಹಿಡಿದರು, ಬಾಗಿಲಿನ ಯಾವ ಸಂದಿ, ಆಮೇಲೆ ಹೋಗಿ ಅಜ್ಜಿಯನ್ನು ಏನು ಕೇಳಿದರು. "ಈಗಿಂದು ನಾನು ನೋಡಿಲ್ಲ. ಅವತ್ತಿಂದು ಕಣ್ಣಾರೆ ನೋಡಿವ್ನಿ" ಎಂದೆ. ಭಾವ ಕೆಟ್ಟವರು ಎಂದು ಒಂದು ಸಲವೂ ಅನ್ನಲಿಲ್ಲ.

ಮೊದಲು ಮಾತಾಡಿದ್ದು ದೊಡ್ಡಪ್ಪ. "ಊರೋರು ಚಾಡಿಕೋರನ್ನ ಕತ್ತೆ ಮ್ಯಾಲೆ ಕೂರ್ಸುದ್ರೆ, ನಮ್ಮನೇಲೇ ಒಬ್ಳು ಉಟ್ಕಂಡವ್ಳೆ. ಮುಚ್ಚು ಬಾಯ."

ಭಾವ ನಕ್ಕರು. ಅವರು ನಕ್ಕದ್ದು ಇವತ್ತಿಗೂ ನನ್ನ ಕನಸಿನಲ್ಲಿ ಬರುತ್ತದೆ. "ಬುಡಿ ದೊಡ್ಡಪ್ಪ, ಬೈಬ್ಯಾಡಿ. ಕೂಸು. ಕಾಲೇಜಲ್ಲಿ ಇಂಗ್ಲಿಷ್ ಕತೆ ಓ­ದ್ತದೆ, ಒಳ್ಳೇರೆಲ್ಲ ಒಳಗೊಳಗೇ ಕೆಟ್ಟೋರು ಅನ್ನ ಕತೆ. ತಲೇಲಿ ಅದೇ ಸುತ್ತತಾ ಅದ. ಬಾಗ್ಲು ಗಾಳಿಗೆ ಬಡೀತು ಮಾವ, ಔಷ್ದಿ ಅಚ್ಚಿದ್ದು ನಾನೇ. ಬೇಕಾರೆ ಅವ್ಳನ್ನೇ ಕೇಳಿ."

ಅಪ್ಪ ಅಕ್ಕನ ಕಡೆ ನೋಡಿದ.

"ಸುಳ್ಳು ಕಣಪ್ಪ" ಎಂದಳು ಅಕ್ಕ. "ಇವ್ಳು ಸುಳ್ಳು ಯೋಳ್ತಾವ್ಳೆ."

ಇಲ್ಲ ಎನ್ನುತ್ತೇನೆ ಎಂದು ಮೊದಲೇ ಎಚ್ಚರಿಸಿದ್ದಳು. ಆದರೂ ಕೇಳಿದಾಗ ಮುಗಿಯಿತು ಎಂದುಕೊಂಡೆ. ನಾನೇ ಅವಳನ್ನು ಬಾವಿಗೆ ತಳ್ಳಿದೆ ಎಂದುಕೊಂಡೆ. ಭಾವ ಚಪ್ಪಲಿ ಮೆಟ್ಟಲು ಬಾಗಿಲ ಕಡೆ ನಡೆದರು. ಡ್ರೈವರು ಹಾರನ್ ಹೊಡೆದ.

ಅಪ್ಪ ಕೂತಲ್ಲಿಂದ ಏಳಲಿಲ್ಲ. ಎಲೆಅಡಿಕೆ ತಟ್ಟೆಯನ್ನು ಅಕ್ಕನ ಕಡೆ ಸರಿಸಿದ. "ಓಗೋಳು ಒಂದೆಲೆ ಮಡ್ಚಿ ಕೊಟ್ಟೋಗವ್ವ" ಎಂದ. ಮದುವೆಗೆ ಮೊದಲು ಊಟವಾದ ಮೇಲೆ ಅಪ್ಪನಿಗೆ ಎಲೆ ಮಡಿಚಿ ಕೊಡುತ್ತಿದ್ದವಳು ಅಕ್ಕನೇ. ಅವಳು ಕೂತು, ಎಡಗೈಯಲ್ಲಿ ಎಲೆ ಎತ್ತಿಕೊಂಡು, ತೊಡೆಯ ಮೇಲಿಟ್ಟು ಸುಣ್ಣ ಸವರಿದಳು. ಮಡಿಚಲು ಹೋದರೆ ಬಿಚ್ಚಿಕೊಂಡಿತು. ಮತ್ತೆ ಮಡಿಚಿದಳು. ಅಡಿಕೆ ಚೂರುಗಳು ನೆಲಕ್ಕೆ ಬಿದ್ದವು. ಹೇಗೋ ಸುತ್ತಿ ಎಡಗೈಯಲ್ಲೇ ಮುಂದೆ ಚಾಚಿದಳು.

ಅಪ್ಪ ತೆಗೆದುಕೊಳ್ಳಲಿಲ್ಲ. "ಎಡಗೈಲಿ ಕೊಡ್ತಾರಾ ಕೂಸೆ?" ಎಂದ, ಬಹಳ ಮೆಲ್ಲಗೆ.

ನಮ್ಮಲ್ಲಿ ಹಿರಿಯರಿಗೆ ಎಡಗೈಯಲ್ಲಿ ಎಲೆ ಕೊಡುವುದು ಅವರನ್ನು ಅಂಗಳದಲ್ಲಿ ನಿಲ್ಲಿಸಿ ಅವಮಾನ ಮಾಡಿದ ಹಾಗೆ. ಬಾಗಿಲ ಸಂದಿಯಲ್ಲಿ ಬೆರಳಿದ್ದಾಗ ಸದ್ದು ಮಾಡದ ಅಕ್ಕ ಅಪ್ಪನಿಗೆ ಎಡಗೈಯಲ್ಲಿ ಎಲೆ ಕೊಡಲಾರಳು. ಸೆರಗಿನೊಳಗಿನಿಂದ ಬಲಗೈ ಹೊರಬಂತು. ಅರಿಶಿನ ಮೆತ್ತಿದ, ಬಾಗದ ಬೆರಳುಗಳು. ಎಲೆ ಅವುಗಳ ನಡುವೆ ನಿಲ್ಲದೆ ಜಾರಿತು.

ಅಪ್ಪ ಆ ಕೈಯನ್ನು ತನ್ನ ಅಂಗೈ ಮೇಲೆ ಇಟ್ಟುಕೊಂಡ. "ಗಾಳಿಗೆ ಬಡ್ದಿದ್ರೆ ಬೆಳಿಗ್ಗೆಯಿಂದ ಯಾಕವ್ವ ನನ್ನ ಕಣ್ಗೆ ಮರೆ ಮಾಡ್ಕಂಡಿದ್ದೆ?"

ಅಕ್ಕ ಕೈ ಹಿಂದಕ್ಕೆಳೆದುಕೊಳ್ಳದೆ ಅಪ್ಪನ ಅಂಗೈ ಮೇಲೇ ಬಿಟ್ಟಳು. ಭಾವ ಬಾಗಿಲಲ್ಲೇ ನಿಂತು, "ಮಾವ, ಊರೋರು ಏನಂತಾರೆ ವಸಿ ಯೋಚ್ನೆ ಮಾಡಿ" ಎಂದರು. ಆ ದನಿಯಲ್ಲಿ ಮೊದಲ ಸಲ ಅಕ್ಕರೆ ಇರಲಿಲ್ಲ.

"ನೀವು ಒರಡಿ ಅಳಿಯಂದ್ರೆ" ಎಂದ ಅಪ್ಪ. ತಲೆ ಎತ್ತಲಿಲ್ಲ. "ಗಾಟಿ ಮುಚ್ಬುಡ್ತಾರೆ. ಕೂಸು ಇಲ್ಲೇ ಇರ್ತದೆ."

ದೊಡ್ಡಪ್ಪ ಏನೋ ಹೇಳಲು ಹೊರಟ. ಅವ್ವ ಅಡುಗೆಮನೆಯಿಂದ ಬಂದವಳು ಬೇಲಿಯ ತನಕ ಹೋಗಿ, ಡಿಕ್ಕಿ ತೆಗೆಸಿ, ಅಕ್ಕನ ಪೆಟ್ಟಿಗೆಯನ್ನು ಇಳಿಸಿಕೊಂಡು ಬಂದಳು.

ಅಕ್ಕ ಉಳಿದಳು. ಆದರೆ ನನ್ನ ಜೊತೆ ಮಾತು ಬಿಟ್ಟಳು. ರಜೆಗೆ ಬಂದರೆ ತಟ್ಟೆಗೆ ಬಡಿಸಿ ಎದ್ದು ಹೋಗುತ್ತಿದ್ದಳು. ಊರಿನವರು ಅವಳನ್ನು ಗಂಡ ಬಿಟ್ಟವಳು ಎಂದರು, ನನ್ನನ್ನು ಅಕ್ಕನ ಮನೆ ಮುರಿದವಳು ಎಂದರು. ತಿರುಪ್ಪೂರಿನ ಕೆಲಸದ ಸುದ್ದಿ ಮತ್ತೆ ಕೇಳಲಿಲ್ಲ. ಭಾವ ತಾಳವಾಡಿಯಲ್ಲೇ ಇದ್ದರು, ಹಜಾರದ ಜನವೇನೂ ಕಡಿಮೆಯಾಗಲಿಲ್ಲ, ಗುಮಟಾಪುರದವರೂ ಅಲ್ಲಿಗೇ ಹೋಗಿ ಮನು ಬರೆಸಿಕೊಂಡು ಬರುತ್ತಿದ್ದರು. ಇದೆಲ್ಲ ನನಗೆ ಮೈ ಉರಿಸುತ್ತಿತ್ತು. ಅಕ್ಕನ ಮೇಲೂ ಸಿಟ್ಟಿತ್ತು, ಸುಳ್ಳೇಕೆ ಹೇಳುತ್ತೇನೆ. ಜೀವ ಉಳಿಸಿದವಳ ಮೇಲೆ ಇದೆಂಥ ಮುನಿಸು ಎಂದು ಒಳಗೊಳಗೇ ಕುದಿಯುತ್ತಿದ್ದೆ.

ಪರೀಕ್ಷೆಯ ಮುಂಚಿನ ರಜೆ ಬಂತು. ನಾನು ಜಗಲಿಯ ಮೇಲೆ ಕೂತು ಆ ಪುಸ್ತಕವನ್ನು ಗಟ್ಟಿಯಾಗಿ ಓದಿ, ಒಂದೊಂದು ಅಧ್ಯಾಯಕ್ಕೂ ಕನ್ನಡದಲ್ಲಿ ಅರ್ಥ ಹೇಳಿಕೊಳ್ಳುತ್ತಿದ್ದೆ. ನನಗೆ ಹಾಗೆ ಓದಿದರೇ ತಲೆಗೆ ಹೋಗುವುದು. ಅಕ್ಕ ಅತ್ತ ತಿರುಗಿ ಅವರೆಕಾಯಿ ಸುಲಿಯುತ್ತಿದ್ದಳು. ಎರಡು ಬೆರಳು ಮಡಿಚಲು ಬಾರದೆ ಹೆಬ್ಬೆರಳಿನಿಂದಲೇ ಸಿಪ್ಪೆ ಸೀಳುತ್ತಿದ್ದಳು. ದಿನವೂ ಅಲ್ಲೇ ಕೂರುತ್ತಿದ್ದಳು, ಕೇಳುತ್ತಿದ್ದಾಳೋ ಇಲ್ಲವೋ ತಿಳಿಯುತ್ತಿರಲಿಲ್ಲ. ವಕೀಲ ಬಾಗಿಲು ಒಡೆಸುವ ಭಾಗ ಮುಗಿಸಿ ನಾನು ನೀರು ಕುಡಿಯುತ್ತಿದ್ದಾಗ ಅವಳು ತಿರುಗದೆಯೇ ಕೇಳಿದಳು.

"ಆ ಡಾಕ್ಟ್ರಿಗೆ ಎಂಡ್ತಿ ಇರ್ನಿಲ್ವಾ?"

ಅಷ್ಟು ತಿಂಗಳಲ್ಲಿ ಅವಳು ನನಗೆ ಆಡಿದ ಮೊದಲ ಮಾತು. "ಇಲ್ಲಕ್ಕ. ಅವ್ನಿಗೂ ಇಲ್ಲ, ಆ ವಕೀಲಂಗೂ ಇಲ್ಲ" ಎಂದೆ.

"ಅದ್ಕೇ ಅಷ್ಟು ಜನ ಸೇರ್ಕಂಡು ಉಡುಕ್ಬೇಕಾಯ್ತು" ಎಂದಳು. ಒಂದು ಕಾಯಿ ಸುಲಿದು ಕಾಳನ್ನು ಮೊರಕ್ಕೆ ಹಾಕಿದಳು. "ಎಂಡ್ತಿ ಇದ್ದಿದ್ರೆ ಮದ್ವೆ ಆದ ವಾರಕ್ಕೇ ಅವ್ಳಿಗೆಲ್ಲಾ ಗೊತ್ತಾಗಿರದು. ಆದ್ರೆ ಅವ್ಳನ್ನ ಯಾರೂ ಕೇಳ್ತಿರ್ನಿಲ್ಲ."

ಎಲ್ಲರಿಗೂ ಹೇಳಿದ್ದ ನಾನು ಅವಳನ್ನು ಏನಾಯಿತೆಂದು ಒಂದು ದಿನವೂ ಕೇಳಿರಲಿಲ್ಲ. ಪುಸ್ತಕ ಮುಚ್ಚಿ ಅವಳ ಪಕ್ಕ ಹೋಗಿ ಕೂತೆ. ಕೇಳಿದೆ.